'ಟ್ರೆಂಟನ್' ಎಂಬ ಹಡಗು 'ಜಲಾಶ್ವ'ವಾದ ಬಗೆ



ಯುದ್ಧನೌಕೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಫಿರಂಗಿಗಳ ಲೆಕ್ಕದಿಂದ ಆರಂಭಿಸುತ್ತಾರೆ. ಈ ಸಂಜೆ ನಾನು ಪರಿಚಯಿಸಹೊರಟಿರುವ ಹಡಗಿನಲ್ಲಿ ಹೇಳಿಕೊಳ್ಳುವಂತಹ ಫಿರಂಗಿಗಳಿಲ್ಲ. ಅದರ ನಿಜವಾದ ಆಸ್ತಿಯೆಂದರೆ ಒಂದು ಖಾಲಿ ಜಾಗ. ಹಡಗಿನ ಹಿಂಭಾಗದ ಹೊಟ್ಟೆಯೊಳಗೆ 168 ಅಡಿ ಉದ್ದ, 50 ಅಡಿ ಅಗಲದ ಒಂದು ಪೊಳ್ಳು. ಆ ಪೊಳ್ಳಿನ ಸುತ್ತ ಉಕ್ಕನ್ನು ಹೊದಿಸಿ, ಮುಂದೆ ಮನೆ ಕಟ್ಟಿ, ಮೇಲೆ ಮಾಳಿಗೆ ಹಾಸಿದರೆ ಏನಾಗುವುದೋ ಅದೇ ಈ ಹಡಗು. 1971ರಲ್ಲಿ ಅಮೆರಿಕದ ನೌಕಾದಳಕ್ಕೆ 'ಟ್ರೆಂಟನ್' ಎಂಬ ಹೆಸರಿನಲ್ಲಿ ಸೇರಿ, 2007ರಲ್ಲಿ ಭಾರತದ ನೌಕಾದಳಕ್ಕೆ 'ಜಲಾಶ್ವ' ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆದ ಇದರ ಕಥೆಯಲ್ಲಿ ನನ್ನನ್ನು ಸೆಳೆದ ಸಂಗತಿ ಒಂದೇ. ಪರರ ದಡಕ್ಕೆ ಸೈನಿಕರನ್ನು ಇಳಿಸುವುದಕ್ಕಾಗಿ ರೂಪಿಸಿದ ಈ ಹಡಗು ಹೆಸರು ಪಡೆದದ್ದು ಮಾತ್ರ ಸಂಕಟದ ದಡಗಳಿಂದ ಜನರನ್ನು ಎತ್ತಿಕೊಂಡು ಬರುವ ಕೆಲಸದಲ್ಲಿ. ಹೊರದೇಶಗಳಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮಂಥವರಿಗೆ ಈ ಸಂಗತಿ ದೂರದ್ದೇನೂ ಅಲ್ಲ.

ಮೊದಲು ಹೆಸರಿನ ಮಾತು. ಭಾರತದ ನೌಕಾದಳವು ದಡ ಸೇರುವ ಹಡಗುಗಳಿಗೆ ಬಹುಮಟ್ಟಿಗೆ ಪ್ರಾಣಿಗಳ ಹೆಸರನ್ನಿಡುತ್ತ ಬಂದಿದೆ. 1949ರಲ್ಲಿ ಬ್ರಿಟಿಷರಿಂದ ಕೊಂಡ ಮೊದಲ ಹಡಗು 'ಮಗರ್', ಅಂದರೆ ಮೊಸಳೆ. ಬಳಿಕ 'ಘರಿಯಾಲ್', 'ಗುಲ್ದಾರ್' ಬಂದವು. 'ಐರಾವತ' ನಮಗೆಲ್ಲರಿಗೂ ಗೊತ್ತಿರುವ ಆನೆ. ಜಲಾಶ್ವವೆಂದರೆ ನೀರ್ಗುದುರೆ. ಗ್ರೀಕರೂ ಈ ಪ್ರಾಣಿಯನ್ನು ನದಿಯ ಕುದುರೆಯೆಂದೇ ಕರೆದರು. ಕನ್ನಡಿಗರು ಮಾತ್ರ ಅದರ ಗಾತ್ರವನ್ನು ಕಂಡು 'ನೀರಾನೆ' ಎಂದೂ ಕರೆದರು. ಹಡಗಿನ ನಡಿಗೆಯನ್ನೂ ದೇಹವನ್ನೂ ನೋಡಿದರೆ ನಮ್ಮವರು ಕೊಟ್ಟ ಹೆಸರೇ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ.

ಇಂತಹ ವಿಚಿತ್ರ ದೇಹ ಏಕೆ ಬೇಕಾಯಿತೆಂಬುದನ್ನು ಅರಿಯಲು ಅದಕ್ಕಿಂತ ಹಿಂದಿನ ಮಾದರಿಯ ಕಷ್ಟಗಳನ್ನು ತಿಳಿಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಟ್ಯಾಂಕುಗಳನ್ನು ದಡಕ್ಕೆ ಇಳಿಸಲು ಚಪ್ಪಟೆ ತಳದ ಹಡಗುಗಳನ್ನು ಅಮೆರಿಕದ ಕಾರ್ಖಾನೆಗಳು ಸಾವಿರಕ್ಕೂ ಮಿಕ್ಕಿ ನಿರ್ಮಿಸಿದವು. ಅವು ನೇರವಾಗಿ ಮರಳಿನ ಮೇಲೆ ಮೂತಿಯಿಟ್ಟು, ಮೂತಿಯ ಬಾಗಿಲನ್ನು ಮೊಸಳೆಯಂತೆ ತೆರೆದು, ಹೊಟ್ಟೆಯಲ್ಲಿದ್ದುದನ್ನು ಹೊರಗೆ ಬಿಡುತ್ತಿದ್ದವು. ಸರಳವಾದ ಉಪಾಯ. ಆದರೆ ದಡದ ಇಳಿಜಾರು ಅನುಕೂಲವಾಗಿರಬೇಕು, ನೀರಿನಡಿಯ ಮರಳು ಮೋಸ ಮಾಡಬಾರದು. ಮೋಸ ಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮದೇ ಇತಿಹಾಸದಲ್ಲಿ ನಿದರ್ಶನವಿದೆ. 1971ರ ಡಿಸೆಂಬರಿನಲ್ಲಿ, ಬಾಂಗ್ಲಾದೇಶದ ಯುದ್ಧದ ಕೊನೆಯ ದಿನಗಳಲ್ಲಿ, ಪಾಕಿಸ್ತಾನದ ಸೈನಿಕರು ಬರ್ಮಾದ ಕಡೆಗೆ ತಪ್ಪಿಸಿಕೊಳ್ಳದಂತೆ ತಡೆಯಲು ಕಾಕ್ಸ್ ಬಜಾರಿನ ದಡದಲ್ಲಿ ಗೂರ್ಖಾ ಪಡೆಯನ್ನು ಇಳಿಸುವ ಪ್ರಯತ್ನ ನಡೆಯಿತು. 'ಘರಿಯಾಲ್' ಮತ್ತು 'ಗುಲ್ದಾರ್' ಆ ಕೆಲಸಕ್ಕೆ ನಿಯೋಜಿತವಾಗಿದ್ದವು. ದಡಕ್ಕೆ ಇನ್ನೂ ದೂರವಿರುವಾಗಲೇ ನೀರಿನಡಿಯ ಮರಳ ದಿಬ್ಬ ಎದುರಾಯಿತು. ಅದರಾಚೆ ದಡದವರೆಗೆ ಆಳವಾದ ಕಾಲುವೆಯಂತಹ ತಗ್ಗು. ಮೈಮೇಲಿನ ಹೊರೆಯೊಡನೆ ನೀರಿಗೆ ಇಳಿದ ಸೈನಿಕರಲ್ಲಿ ಕೆಲವರು ಮುಳುಗಿ ಪ್ರಾಣಬಿಟ್ಟರು. ಶತ್ರುವಿನ ಒಂದು ಗುಂಡೂ ಹಾರದೆ ಆದ ಸಾವುಗಳಿವು. ಉಳಿದವರನ್ನು ದೋಣಿಗಳ ಮೂಲಕ ಇಳಿಸಬೇಕಾಯಿತು.

ಈ ತೊಡಕಿಗೆ ಪರಿಹಾರವಾಗಿ ಹುಟ್ಟಿದ ಕಲ್ಪನೆಯೇ ಡಾಕ್ ಉಳ್ಳ ಹಡಗು. ದೊಡ್ಡ ಹಡಗು ದಡವನ್ನು ಮುಟ್ಟುವುದೇ ಬೇಡ. ಅದು ಆಳ ನೀರಿನಲ್ಲಿಯೇ ನಿಲ್ಲಲಿ, ಅದರ ಹೊಟ್ಟೆಯಲ್ಲಿರುವ ಚಿಕ್ಕ ದೋಣಿಗಳು ದಡಕ್ಕೆ ಹೋಗಿ ಬರಲಿ. ದೋಣಿಗಳನ್ನು ಕ್ರೇನಿನಿಂದ ಎತ್ತಿ ಇಳಿಸುವುದು ನಿಧಾನ, ಅಲೆಯಿದ್ದರೆ ಅಪಾಯ. ಆದುದರಿಂದ ದೋಣಿಗಳು ಹಡಗಿನೊಳಗಿನಿಂದಲೇ ತೇಲಿ ಹೊರಬರಬೇಕು. ಅದಕ್ಕಾಗಿ ಹಡಗಿನ ಪಕ್ಕಗಳಲ್ಲಿಯೂ ತಳದಲ್ಲಿಯೂ ದೊಡ್ಡ ದೊಡ್ಡ ತೊಟ್ಟಿಗಳಿರುತ್ತವೆ. ಅವುಗಳಿಗೆ ಸಮುದ್ರದ ನೀರನ್ನು ಬಿಟ್ಟುಕೊಂಡಾಗ, ಮಾವುತನ ಮಾತಿಗೆ ಆನೆ ಹಿಂಗಾಲು ಮಡಿಸಿ ಕುಳ್ಳಿರುವಂತೆ, ಹಡಗಿನ ಹಿಂಭಾಗ ನಿಧಾನವಾಗಿ ಕೆಳಗಿಳಿಯುತ್ತದೆ. ಹಿಂಬದಿಯ ದೊಡ್ಡ ಬಾಗಿಲು ತೆರೆದು ಸಮುದ್ರವೇ ಒಳಗೆ ಬರುತ್ತದೆ. ಪೊಳ್ಳಿನಲ್ಲಿ ಆಳುದ್ದ ನೀರು ನಿಂತಾಗ ದೋಣಿಗಳು ತೇಲತೊಡಗಿ, ಟ್ಯಾಂಕುಗಳನ್ನೂ ಜನರನ್ನೂ ಹೊತ್ತು ಹೊರಡುತ್ತವೆ. ಕೆಲಸ ಮುಗಿದ ಮೇಲೆ ಗಾಳಿಯ ಒತ್ತಡದಿಂದ ತೊಟ್ಟಿಗಳ ನೀರನ್ನು ಹೊರದೂಡಿದರೆ ಹಡಗು ಮತ್ತೆ ಎದ್ದು ನಿಲ್ಲುತ್ತದೆ. ತಾನಾಗಿ ಅರ್ಧ ಮುಳುಗಿ ತಾನಾಗಿ ಏಳುವ ಹಡಗನ್ನು ಕಲ್ಪಿಸಲು ಎಂಜಿನಿಯರನಿಗೆ ಧೈರ್ಯವೂ ಬೇಕು, ತೂಕದ ಲೆಕ್ಕದಲ್ಲಿ ಅಚಲವಾದ ನಂಬಿಕೆಯೂ ಬೇಕು.

ಇದಕ್ಕೆ ಮಾಳಿಗೆಯೊಂದು ಸೇರಿದ್ದು ಅಣುಬಾಂಬಿನ ಭಯದಿಂದ. 1946ರಲ್ಲಿ ಬಿಕಿನಿ ದ್ವೀಪದಲ್ಲಿ ನಡೆದ ಪರೀಕ್ಷೆಗಳನ್ನು ನೋಡಿದ ಅಮೆರಿಕದ ಮೆರೀನ್ ಸೇನಾನಿ ರಾಯ್ ಗೈಗರ್, ನಾರ್ಮಂಡಿಯಲ್ಲಿಯೋ ಇವೋಜಿಮಾದಲ್ಲಿಯೋ ಮಾಡಿದಂತೆ ನೂರಾರು ಹಡಗುಗಳನ್ನು ಒಂದೇ ದಡದ ಮುಂದೆ ಗುಂಪುಗೂಡಿಸುವ ಕಾಲ ಮುಗಿಯಿತೆಂದು ಮನಗಂಡ. ಹಡಗುಗಳು ದೂರದೂರ ಚದುರಿರಬೇಕು, ಸೈನಿಕರು ಹೆಲಿಕಾಪ್ಟರಿನಲ್ಲಿ ಹಾರಿ ಹೋಗಬೇಕು ಎಂಬ ತತ್ತ್ವ ಅಲ್ಲಿಂದ ಬೆಳೆಯಿತು. ಹೀಗೆ ಸೈನಿಕರ ಸಾಗಣೆಯ ಹಡಗು, ಸಾಮಗ್ರಿಯ ಹಡಗು, ಡಾಕ್ ಹಡಗು, ಈ ಮೂರನ್ನೂ ಒಂದರಲ್ಲಿ ಬೆಸೆದು ಮೇಲೆ ಹೆಲಿಕಾಪ್ಟರಿನ ಅಂಗಳವನ್ನು ಹಾಸಿದ ಹೊಸ ಜಾತಿಯೊಂದು 1960ರ ದಶಕದಲ್ಲಿ ಹುಟ್ಟಿತು. ಅದರಲ್ಲಿ 'ಆಸ್ಟಿನ್' ವರ್ಗದ 12 ಹಡಗುಗಳು. ಹನ್ನೊಂದನೆಯದೇ ನ್ಯೂಜೆರ್ಸಿಯ ರಾಜಧಾನಿಯ ಹೆಸರು ಹೊತ್ತ 'ಟ್ರೆಂಟನ್'. ಸಿಯಾಟಲ್ ನಗರದ ಲಾಕ್‌ಹೀಡ್ ಹಡಗುಕಟ್ಟೆಯಲ್ಲಿ 1966ರ ಆಗಸ್ಟಿನಲ್ಲಿ ಅದರ ಅಡಿಗಟ್ಟು ಬಿತ್ತು. 1968ರ ಆಗಸ್ಟಿನಲ್ಲಿ ನೀರಿಗಿಳಿಯಿತು. 1971ರ ಮಾರ್ಚ್ 6ರಂದು ಸೇವೆಗೆ ಸೇರಿತು. ಉದ್ದ 570 ಅಡಿ, ಪೂರ್ಣ ಭಾರದಲ್ಲಿ ಸುಮಾರು 17,000 ಟನ್. ಎರಡು ಬಾಯ್ಲರುಗಳ ಉಗಿಯಿಂದ ತಿರುಗುವ ಟರ್ಬೈನುಗಳು, 24,000 ಅಶ್ವಶಕ್ತಿ, ಗಂಟೆಗೆ ಸುಮಾರು 21 ನಾಟ್ ವೇಗ. ಸುಮಾರು 900 ಸೈನಿಕರಿಗೆ ಮಲಗಲು ಒಂದರ ಮೇಲೊಂದು ಹಲಗೆ ಹಾಸಿಗೆಗಳು, ಅವರಿಗೆ ಬೇಕಾದಷ್ಟು ದೊಡ್ಡ ಅಡುಗೆಮನೆ, ಸಿಹಿನೀರಿನ ವ್ಯವಸ್ಥೆ, ಶಸ್ತ್ರಚಿಕಿತ್ಸೆಗೂ ಆಗುವ ಒಂದು ಚಿಕ್ಕ ಆಸ್ಪತ್ರೆ.

ಈ ಕೊನೆಯ ವಿವರಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಸೈನಿಕರಿಗಾಗಿ ಒದಗಿಸಿದ ಹಾಸಿಗೆ, ಅನ್ನ, ನೀರು, ಔಷಧ, ದೋಣಿ, ಹೆಲಿಕಾಪ್ಟರ್ ಇವೆಲ್ಲವೂ ನಿರಾಶ್ರಿತನಿಗೂ ಬೇಕಾದ ವಸ್ತುಗಳೇ. ಬಂದರು ಹಾಳಾಗಿದ್ದರೂ, ವಿಮಾನ ನಿಲ್ದಾಣ ಮುಚ್ಚಿದ್ದರೂ ಈ ಹಡಗು ಕೆಲಸ ಮಾಡಬಲ್ಲದು. ರಚನಕಾರರ ಮನಸ್ಸಿನಲ್ಲಿ ಇದಿರಲಿಲ್ಲ.

ಮೊದಲ 20 ವರ್ಷಗಳಲ್ಲಿ 'ಟ್ರೆಂಟನ್' ಶೀತಲ ಸಮರದ ದಿನಚರಿಯಂತೆ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಸಮುದ್ರಗಳಲ್ಲಿ ಸುತ್ತಿತು. ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಅದರ ನಿಜವಾದ ಪರೀಕ್ಷೆ ಬಂದದ್ದು 1991ರ ಜನವರಿಯಲ್ಲಿ. ಆಗ ಲೋಕದ ಕಣ್ಣೆಲ್ಲ ಕುವೈತಿನ ಮೇಲಿತ್ತು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಕರಾವಳಿ ಕರ್ನಾಟಕದ ಅನೇಕರೂ ಸೇರಿದಂತೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನಿನ ಮೂಲಕ ಏರ್ ಇಂಡಿಯಾ ವಿಮಾನಗಳು ತಾಯ್ನಾಡಿಗೆ ತಲುಪಿಸಿದ್ದವು. ಆ ಗದ್ದಲದಲ್ಲಿ ಸೊಮಾಲಿಯಾದ ರಾಜಧಾನಿ ಮೊಗದಿಶು ಕುಸಿಯುತ್ತಿದ್ದುದನ್ನು ಗಮನಿಸಿದವರು ವಿರಳ. ಸಿಯಾದ್ ಬರೆಯ ಸರಕಾರ ಬೀಳುವ ಹಂತದಲ್ಲಿತ್ತು, ಬೀದಿಬೀದಿಗಳಲ್ಲಿ ಗುಂಡಿನ ಕಾಳಗ. ಜನವರಿ 1ರಂದು ಅಮೆರಿಕದ ರಾಯಭಾರಿ ಜೇಮ್ಸ್ ಬಿಷಪ್ ತೆರವಿಗೆ ಕೋರಿದರು. ಒಮಾನಿನ ಸಮೀಪದಲ್ಲಿದ್ದ 'ಗುವಾಮ್' ಮತ್ತು 'ಟ್ರೆಂಟನ್' ಹಡಗುಗಳು ದಕ್ಷಿಣಕ್ಕೆ ಧಾವಿಸಿದವು.

ಧಾವಿಸಿದವು ಎಂದೆ, ನೀರಾನೆಯ ಧಾವಂತಕ್ಕೂ ಒಂದು ಮಿತಿಯಿದೆ. ಹಡಗುಗಳು ತಲುಪುವವರೆಗೆ ರಾಯಭಾರ ಕಚೇರಿ ಉಳಿಯುವಂತಿರಲಿಲ್ಲ. ಆದುದರಿಂದ ಜನವರಿ 5ರ ಬೆಳಗಿನ ಜಾವಕ್ಕೆ ಮುನ್ನ, ಇನ್ನೂ 466 ನಾವಿಕ ಮೈಲಿ ದೂರವಿರುವಾಗಲೇ, 'ಟ್ರೆಂಟನ್'ನ ಅಂಗಳದಿಂದ ಎರಡು ಭಾರೀ ಹೆಲಿಕಾಪ್ಟರುಗಳು ಮೇಲೆದ್ದವು. ಬೆಂಗಳೂರಿನಿಂದ ಮುಂಬಯಿಗೆ ಗಾಳಿಯಲ್ಲಿ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು. ಕತ್ತಲಲ್ಲಿ, ಸಮುದ್ರದ ಮೇಲೆ, ಹಾರುತ್ತಲೇ ಇಂಧನ ತುಂಬಿಸಿಕೊಳ್ಳುತ್ತ ಅವು ಸಾಗಿದವು. ಕೈಯಲ್ಲಿದ್ದ ಭೂಪಟ ಹಳೆಯದು. ರಾಯಭಾರ ಕಚೇರಿ ಅಷ್ಟರಲ್ಲಿ ಬೇರೆ ಆವರಣಕ್ಕೆ ಸ್ಥಳಾಂತರಗೊಂಡಿತ್ತು. ಬೆಳಕು ಹರಿದ ಮೇಲೆ ಹುಡುಕಿ ಇಳಿಯುವಷ್ಟರಲ್ಲಿ ಏಣಿಗಳನ್ನು ಹಿಡಿದು ಗೋಡೆಯ ಹೊರಗೆ ನೆರೆದಿದ್ದ ಗುಂಪೊಂದು ಹೆಲಿಕಾಪ್ಟರುಗಳ ಸದ್ದಿಗೆ ಚದುರಿತು. 60 ಸೈನಿಕರನ್ನು ಕಾವಲಿಗೆ ಇಳಿಸಿ, 61 ಮಂದಿಯನ್ನು ಹತ್ತಿಸಿಕೊಂಡು ಅವು ಹಡಗಿಗೆ ಮರಳಿದವು. ಉಳಿದವರನ್ನು ಆ ರಾತ್ರಿ 'ಗುವಾಮ್'ನ ಹೆಲಿಕಾಪ್ಟರುಗಳು ಕರೆತಂದವು. ಒಟ್ಟು 281 ಜನ, ಸುಮಾರು 30 ದೇಶಗಳವರು. ಅವರಲ್ಲಿ ಅಮೆರಿಕದವರು 61 ಮಂದಿ ಮಾತ್ರ. ಸೋವಿಯತ್ ಒಕ್ಕೂಟದ ರಾಯಭಾರಿಯೂ ಅಮೆರಿಕದ ಆ ಆವರಣದಲ್ಲಿಯೇ ಆಶ್ರಯ ಪಡೆದು ಅದೇ ದಾರಿಯಲ್ಲಿ ಪಾರಾದರು. ಜನವರಿ 11ರಂದು ಎಲ್ಲರೂ ಮಸ್ಕತಿನಲ್ಲಿ ಇಳಿದರು. ಆರು ದಿನಗಳಲ್ಲಿ ಕೊಲ್ಲಿಯುದ್ಧ ಆರಂಭವಾಯಿತು. ಸೊಮಾಲಿಯಾದ ಈ ಪ್ರಸಂಗ ಪತ್ರಿಕೆಗಳ ಒಳಪುಟಗಳನ್ನು ಸೇರಿತು.

ಅಮೆರಿಕದ ಧ್ವಜದಡಿ ಅದು ಮಾಡಿದ ಇಂತಹ ಕೊನೆಯ ದೊಡ್ಡ ಕೆಲಸವೂ ತೆರವಿನದೇ ಆಗಿತ್ತು. 2006ರ ಜುಲೈನಲ್ಲಿ ಇಸ್ರೇಲ್ ಮತ್ತು ಹಿಜ್ಬುಲ್ಲಾಗಳ ನಡುವೆ ಯುದ್ಧ ಭುಗಿಲೆದ್ದಾಗ ಬೈರೂತಿನಿಂದ ಸೈಪ್ರಸ್ಸಿಗೆ ಸಾವಿರಕ್ಕೂ ಹೆಚ್ಚು ಜನರನ್ನು 'ಟ್ರೆಂಟನ್' ಸಾಗಿಸಿತು. ಅದೇ ತಿಂಗಳು, ಅದೇ ಬಂದರಿನಿಂದ, ಭಾರತದ 'ಮುಂಬಯಿ', 'ಬ್ರಹ್ಮಪುತ್ರ', 'ಬೇತ್ವಾ' ಮತ್ತು 'ಶಕ್ತಿ' ಹಡಗುಗಳು 2,280 ಜನರನ್ನು ಹೊರತಂದವು. ಅವರಲ್ಲಿ ಭಾರತೀಯರಲ್ಲದೆ ಶ್ರೀಲಂಕಾದವರೂ ನೇಪಾಳದವರೂ ಇದ್ದರು. ಭಾರತದ ಈ ಹಡಗುಗಳಲ್ಲಿ ಮೊದಲ ಮೂರು ಕಾಳಗಕ್ಕಾಗಿಯೇ ಕಟ್ಟಿದವು, ನಾಲ್ಕನೆಯದು ತೈಲದ ಹಡಗು. ನೂರಾರು ಹೆಂಗಸರು ಮಕ್ಕಳು ಎಲ್ಲಿ ಕುಳ್ಳಿರಬೇಕು, ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಅವುಗಳ ರಚನೆಯಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿಯೇ ನಿಂತಿದ್ದ 'ಟ್ರೆಂಟನ್' ಮುಂದಿನ ವರ್ಷ ತಮ್ಮದೇ ಸಾಲಿಗೆ ಸೇರುವುದೆಂದು ಆ ದಿನ ನಾವಿಕರಲ್ಲಿ ಎಷ್ಟು ಮಂದಿ ಯೋಚಿಸಿದ್ದರೋ.

ಭಾರತ ಇಂತಹ ಹಡಗನ್ನು ಬಯಸಲು ಇದಕ್ಕಿಂತಲೂ ದೊಡ್ಡ ಪಾಠವೊಂದು ಕಾರಣವಾಗಿತ್ತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನ್-ನಿಕೋಬಾರಿನ ಹಡಗುಕಟ್ಟೆಗಳು ಮುರಿದುಬಿದ್ದವು. ಭಾರತದ ನೌಕಾದಳ ತನ್ನ ಜನರ ಜೊತೆಗೆ ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಗಳಿಗೂ ನೆರವು ಒಯ್ದಿತು; ಸಮುದ್ರದ ಆಳ ಅಳೆಯುವ ಸಮೀಕ್ಷಾ ಹಡಗುಗಳನ್ನೇ ಆಸ್ಪತ್ರೆಗಳನ್ನಾಗಿ ಮಾರ್ಪಡಿಸಿತು. ಸಾಹಸ ಶ್ಲಾಘ್ಯವೇ. ಆದರೆ ಕಟ್ಟೆಯಿಲ್ಲದ ಕಡೆ ಭಾರೀ ಸಾಮಗ್ರಿ ಇಳಿಸಬಲ್ಲ ದೊಡ್ಡ ಹಡಗು ತನ್ನಲ್ಲಿಲ್ಲವೆಂಬ ಕೊರತೆ ಆಗ ಎದ್ದು ಕಂಡಿತು. ಹೊಸದನ್ನು ಕಟ್ಟಲು ವರ್ಷಗಟ್ಟಲೆ ಕಾಲ ಬೇಕು. ಅಮೆರಿಕ ನಿವೃತ್ತಿಗೊಳಿಸಲಿದ್ದ ಹಡಗು ಕಣ್ಣೆದುರಿಗಿತ್ತು. ಬೆಲೆ ಸುಮಾರು 4 ಕೋಟಿ 84 ಲಕ್ಷ ಡಾಲರ್. ಜೊತೆಗೆ ಆರು ಹಳೆಯ ಸೀ ಕಿಂಗ್ ಹೆಲಿಕಾಪ್ಟರುಗಳಿಗೆ ಸುಮಾರು 3 ಕೋಟಿ 90 ಲಕ್ಷ. 2007ರ ಜನವರಿ 17ರಂದು ವರ್ಜೀನಿಯಾದ ನಾರ್ಫಕ್ ಬಂದರಿನಲ್ಲಿ ಹಸ್ತಾಂತರ ನಡೆಯಿತು. ಜೂನ್ 22ರಂದು 'ಜಲಾಶ್ವ' ವಿಧಿಪೂರ್ವಕವಾಗಿ ಸೇವೆಗೆ ಸೇರಿ, ವಿಶಾಖಪಟ್ಟಣವನ್ನು ತನ್ನ ನೆಲೆಯಾಗಿ ಮಾಡಿಕೊಂಡಿತು. ಈ ಹಡಗು ಸೇವೆಗೆ ಬಂದ 1971ರಲ್ಲಿಯೇ ಅಮೆರಿಕವು ತನ್ನ 'ಎಂಟರ್‌ಪ್ರೈಸ್' ವಿಮಾನವಾಹಕ ನೌಕೆಯನ್ನು ಬಂಗಾಳ ಕೊಲ್ಲಿಗೆ ಕಳುಹಿಸಿ ಭಾರತಕ್ಕೆ ಬೆದರಿಕೆಯೊಡ್ಡಿತ್ತು. 36 ವರ್ಷಗಳಲ್ಲಿ ಅದೇ ಕೊಲ್ಲಿಗೆ ಅಮೆರಿಕದ ಹಡಗೊಂದು ತ್ರಿವರ್ಣವನ್ನೇರಿಸಿಕೊಂಡು ಬಂದಿತು.

ಎಲ್ಲರೂ ಸ್ವಾಗತಿಸಲಿಲ್ಲ. ಭಾರತದ ಮಹಾಲೇಖಪಾಲರು 2008ರ ವರದಿಯಲ್ಲಿ ಖರೀದಿಯನ್ನು ಕಟುವಾಗಿ ಟೀಕಿಸಿದರು. ಹಡಗಿನ ಸ್ಥಿತಿಗತಿಯನ್ನು ಸಾಕಷ್ಟು ಪರೀಕ್ಷಿಸದೆ ಆತುರದಿಂದ ಕೊಂಡದ್ದು, ಆಕ್ರಮಣದ ಕಾರ್ಯಗಳಿಗೆ ಬಳಸಕೂಡದೆಂಬ ಹಾಗೂ ಅಮೆರಿಕದವರು ಬಂದು ತಪಾಸಣೆ ಮಾಡಬಹುದೆಂಬ ಕರಾರುಗಳಿಗೆ ಒಪ್ಪಿದ್ದು, ಇವು ಮುಖ್ಯ ಆಕ್ಷೇಪಗಳು. ಸ್ವಾಭಿಮಾನದ ದೃಷ್ಟಿಯಿಂದ ಎರಡನೆಯದು ಚುಚ್ಚುವಂತಹುದು. ಆದರೆ ವೈದ್ಯನಾದ ನನ್ನ ದೃಷ್ಟಿಯಲ್ಲಿ ಮೊದಲನೆಯದೇ ಗುರುತರ. 36 ವರ್ಷದ ದೇಹವನ್ನು ಸ್ವೀಕರಿಸುವವನು ಅದರ ಪೂರ್ವಚರಿತ್ರೆಯನ್ನು ಕೂಲಂಕಷವಾಗಿ ಕೇಳಬೇಕು.

2008ರ ಫೆಬ್ರವರಿ 2ರಂದು, ಸೇವೆಗೆ ಸೇರಿ ವರ್ಷ ತುಂಬುವ ಮೊದಲೇ, 'ಜಲಾಶ್ವ'ದೊಳಗೆ ವಿಷಾನಿಲ ಸೋರಿ ಒಬ್ಬ ಅಧಿಕಾರಿ ಮತ್ತು ಐವರು ನಾವಿಕರು ಮೃತರಾದರು. ಅನಿಲ ಹೈಡ್ರೋಜನ್ ಸಲ್ಫೈಡ್. ಇದರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಲವಣವಿದೆ. ಮುಚ್ಚಿದ ತೊಟ್ಟಿಯಲ್ಲಿಯೋ ಕೊಳಚೆಯ ಕೊಳವೆಯಲ್ಲಿಯೋ ನೀರು ನಿಂತು ಆಮ್ಲಜನಕ ಮುಗಿದಾಗ ಕೆಲವು ಬಗೆಯ ಬ್ಯಾಕ್ಟೀರಿಯಗಳು ಆ ಸಲ್ಫೇಟನ್ನೇ ಬಳಸಿ ಈ ಅನಿಲವನ್ನು ಉತ್ಪಾದಿಸುತ್ತವೆ. ಅಲ್ಪ ಪ್ರಮಾಣದಲ್ಲಿದ್ದಾಗ ಕೊಳೆತ ಮೊಟ್ಟೆಯ ನಾತ ಎಚ್ಚರಿಕೆ ಕೊಡುತ್ತದೆ. ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗವನ್ನು ದಾಟಿದರೆ ಮೂಗಿನ ನರವೇ ಸ್ತಬ್ಧವಾಗಿ ನಾತ ಮಾಯವಾಗುತ್ತದೆ. ಅಪಾಯ ಕಳೆಯಿತೆಂದು ಮನುಷ್ಯ ಭಾವಿಸುತ್ತಾನೆ. ಇನ್ನೂ ಹೆಚ್ಚಾದಾಗ ಜೀವಕೋಶಗಳು ಆಮ್ಲಜನಕವನ್ನು ಬಳಸುವ ಶಕ್ತಿಯನ್ನೇ ಕಳೆದುಕೊಂಡು ಒಂದೆರಡು ಉಸಿರಿನಲ್ಲಿಯೇ ಆಸಾಮಿ ಕುಸಿಯುತ್ತಾನೆ. ಬಿದ್ದವನನ್ನು ಎತ್ತಲು ಧಾವಿಸಿದವನೂ ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ನಮ್ಮ ನಗರಗಳ ಒಳಚರಂಡಿ ಗುಂಡಿಗಳಲ್ಲಿ ಬಡ ಕಾರ್ಮಿಕರು ಇಬ್ಬರು ಮೂವರಾಗಿ ಸಾಯುವುದೂ ಹೆಚ್ಚಾಗಿ ಹೀಗೆಯೇ. ಉಸಿರಾಟದ ಮುಖವಾಡವಿಲ್ಲದೆ, ಗಾಳಿಯನ್ನು ಅಳೆಯದೆ ಇಂತಹ ಜಾಗಕ್ಕೆ ಯಾರನ್ನೂ ಇಳಿಸಕೂಡದು. ತೊಟ್ಟಿಗಳಲ್ಲಿ ನೀರು ತುಂಬಿ ಬಿಡುವುದನ್ನೇ ಕಸುಬಾಗಿಸಿಕೊಂಡ ಹಳೆಯ ಹಡಗಿನಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು.

ಆ ಆರು ಸಾವುಗಳನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದು ತಟ್ಟೆಯಲ್ಲಿ ಏನನ್ನಿಟ್ಟರೂ ತೂಗುವುದು ಸರಿಯೆಂದು ನಾನು ಹೇಳುವುದಿಲ್ಲ. ಮುಂದೆ ಹಡಗು ಏನು ಮಾಡಿತೆಂಬುದನ್ನಷ್ಟೇ ಹೇಳುತ್ತೇನೆ. 2011ರಲ್ಲಿ ಲಿಬಿಯಾದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ 'ಜಲಾಶ್ವ', ನಮ್ಮ ಹೆಸರಿನದೇ ಆದ 'ಮೈಸೂರು' ಡೆಸ್ಟ್ರಾಯರ್ ಮತ್ತು 'ಆದಿತ್ಯ' ಹಡಗುಗಳು ಸೂಯೆಜ್ ಕಾಲುವೆಯನ್ನು ದಾಟಿ ಹೋದವು. ಅಷ್ಟು ದೂರ ಕ್ರಮಿಸುವಷ್ಟರಲ್ಲಿ ಅಲ್ಲಿದ್ದ ಭಾರತೀಯರಲ್ಲಿ ಹೆಚ್ಚಿನವರು ವಿಮಾನಗಳಲ್ಲಿ ಹೊರಟುಹೋಗಿದ್ದರು. ಹಡಗುಗಳಿಗೆ ಉಳಿದದ್ದು ಅಲ್ಪ ಸಂಖ್ಯೆ. ವಿಮಾನ ಹಾರುವಲ್ಲಿ ಹಡಗು ಎರಡನೆಯದೇ.

ವಿಮಾನಗಳೇ ನಿಂತುಹೋದ ಕಾಲ 2020ರಲ್ಲಿ ಬಂದಿತು. ಕೋವಿಡ್ ಸಾಂಕ್ರಾಮಿಕದಿಂದ ಲೋಕವೇ ಬಾಗಿಲು ಮುಚ್ಚಿದಾಗ ಮಾಲ್ಡೀವ್ಸಿನ ಹೋಟೆಲುಗಳಲ್ಲಿ, ಶ್ರೀಲಂಕಾದಲ್ಲಿ, ಇರಾನಿನ ಬಂದರುಗಳಲ್ಲಿ ಸಹಸ್ರಾರು ಭಾರತೀಯರು ಕೆಲಸವೂ ಇಲ್ಲದೆ ಊರಿಗೂ ಬರಲಾಗದೆ ಸಿಕ್ಕಿಬಿದ್ದರು. ಮೇ 8ರಂದು ಮಾಲೆಯಿಂದ 698 ಜನರನ್ನು ಹೊತ್ತು 'ಜಲಾಶ್ವ' ಹೊರಟಿತು. ಅವರಲ್ಲಿ 19 ಮಂದಿ ಗರ್ಭಿಣಿಯರು. ಹೆರಿಗೆ ಸಮೀಪಿಸಿದವರನ್ನು ವಿಮಾನ ಸಂಸ್ಥೆಗಳು ಸಾಮಾನ್ಯ ದಿನಗಳಲ್ಲಿಯೇ ಹತ್ತಿಸಿಕೊಳ್ಳಲು ಹಿಂಜರಿಯುತ್ತವೆ. ಎರಡು ದಿನಗಳ ಸಮುದ್ರಯಾನ, ಸುತ್ತ ಸೋಂಕಿನ ಭೀತಿ. ಒಂದು ಮುಚ್ಚಿದ ಹಡಗಿನಲ್ಲಿ ಉಸಿರಿನಿಂದ ಹರಡುವ ರೋಗವನ್ನು ತಡೆಯುವುದು ಎಷ್ಟು ಕಠಿಣವೆಂಬುದನ್ನು ಅದೇ ವರ್ಷ ಜಪಾನಿನ ಯೋಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಎಂಬ ವಿಹಾರ ನೌಕೆ ತೋರಿಸಿಕೊಟ್ಟಿತ್ತು. ಅದರ ಸುಮಾರು 3,700 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. 'ಜಲಾಶ್ವ'ದಲ್ಲಿ ಪ್ರಯಾಣಿಕರ ವಲಯಗಳನ್ನೂ ನಾವಿಕರ ವಲಯವನ್ನೂ ಬೇರೆ ಬೇರೆಯಾಗಿ ವಿಂಗಡಿಸಿದರು. ಸೈನಿಕರ ಹಲಗೆ ಹಾಸಿಗೆಗಳು ಅಡುಗೆಯವರು, ಗಾರೆಯವರು, ದಾದಿಯರು, ಮಕ್ಕಳ ಪಾಲಾದವು. ಮೇ 10ರಂದು ಹಡಗು ಕೊಚ್ಚಿಯನ್ನು ತಲುಪಿತು.

ಅದು ಮತ್ತೆ ಮತ್ತೆ ಹೋಯಿತು. ಮಾಲೆಗೆ ಒಟ್ಟು ಮೂರು ಬಾರಿ, ಕೊಲಂಬೊಗೆ ಒಮ್ಮೆ, ಇರಾನಿನ ಬಂದರ್ ಅಬ್ಬಾಸಿಗೆ ಒಮ್ಮೆ. ಜುಲೈ 1ರಂದು ಇರಾನಿನಿಂದ 687 ಜನರನ್ನು ತೂತ್ತುಕುಡಿಯಲ್ಲಿ ಇಳಿಸಿದಾಗ ಅದರ ಈ ಸರಣಿ ಮುಗಿಯಿತು. 'ಸಮುದ್ರ ಸೇತು' ಎಂಬ ಆ ಕಾರ್ಯಾಚರಣೆಯಲ್ಲಿ ನಾಲ್ಕು ಹಡಗುಗಳು 55 ದಿನಗಳಲ್ಲಿ ಕರೆತಂದ 3,992 ಜನರ ಪೈಕಿ 3,300ಕ್ಕೂ ಹೆಚ್ಚು ಮಂದಿ ಬಂದದ್ದು ಈ ಒಂದೇ ಹಡಗಿನಲ್ಲಿ. ಉಳಿದ ಮೂರು 'ಮಗರ್', 'ಐರಾವತ', 'ಶಾರ್ದೂಲ'. ಅವು ಭಾರತದಲ್ಲಿಯೇ ಕಟ್ಟಿದ, ದಡಕ್ಕೆ ಮೂತಿಯಿಡುವ ಮಾದರಿಯವು. ಒಂದೊಂದು ಯಾನದಲ್ಲಿ ತಂದದ್ದು ಸುಮಾರು 200 ಜನರನ್ನು. ಹೊಟ್ಟೆಯ ಗಾತ್ರದ ವ್ಯತ್ಯಾಸ ಇಲ್ಲಿ ಕಾಣುತ್ತದೆ.

ಇದರ ಒಡಹುಟ್ಟಿದವರ ಗತಿ ಬೇರೆಯಾಯಿತು. 'ಕೊರೊನಾಡೊ'ವನ್ನು 2012ರಲ್ಲಿ, 'ಆಗ್ಡೆನ್' ಅನ್ನು 2014ರಲ್ಲಿ, 'ಡೆನ್ವರ್' ಅನ್ನು 2022ರಲ್ಲಿ, 'ಡುಬ್ಯೂಕ್' ಅನ್ನು 2024ರಲ್ಲಿ ಸಮರಾಭ್ಯಾಸದ ಗುರಿಗಳನ್ನಾಗಿ ಮಾಡಿ ಅಮೆರಿಕದವರೇ ಶಾಂತಸಾಗರದಲ್ಲಿ ಮುಳುಗಿಸಿದರು. ಕೊನೆಯ ತಂಗಿ 'ಪೋನ್ಸ್' 2017ರಲ್ಲಿ ನಿವೃತ್ತಿ ಹೊಂದಿದ ಮೇಲೆ ಹನ್ನೆರಡರಲ್ಲಿ ಸೇವೆಯಲ್ಲಿ ಉಳಿದದ್ದು 'ಜಲಾಶ್ವ' ಒಂದೇ. ಇದು ಹೆಮ್ಮೆಯ ಮಾತೂ ಹೌದು, ಆತಂಕದ ಮಾತೂ ಹೌದು. ಬಿಡಿಭಾಗಗಳಿಗೆ ಯಾರನ್ನು ಕೇಳುವುದು? ಇದೇ ಬಗೆಯ ನಾಲ್ಕು ಹೊಸ ಹಡಗುಗಳನ್ನು ಸ್ವದೇಶದಲ್ಲಿಯೇ ಕಟ್ಟಿಸಲು ಭಾರತ 2013ರಲ್ಲಿ ಟೆಂಡರ್ ಕರೆದು, ವರ್ಷಗಟ್ಟಲೆ ಎಳೆದಾಡಿ, 2020ರಲ್ಲಿ ಅದನ್ನು ರದ್ದುಪಡಿಸಿತು. ಜನರನ್ನು ಕರೆತರಲು ಈ ಹಡಗು ಓಡಾಡಿದ ವರ್ಷವೂ ಅದೇ.

2021ರ ಮಾರ್ಚಿನಲ್ಲಿ ಹಡಗಿಗೆ 50 ವರ್ಷ ತುಂಬಿತು. ಆ ಏಪ್ರಿಲ್-ಮೇ ತಿಂಗಳುಗಳನ್ನು ಭಾರತದಲ್ಲಿ ಬಂಧುಗಳಿದ್ದ ನಮ್ಮಲ್ಲಿ ಯಾರೂ ಮರೆತಿಲ್ಲ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಆಮ್ಲಜನಕಕ್ಕಾಗಿ ಹಾಹಾಕಾರವೆದ್ದಿತ್ತು. ಇಲ್ಲಿಂದ ನಾವು ರಾತ್ರಿಯೆಲ್ಲ ಫೋನ್ ಮಾಡಿ ಸಿಲಿಂಡರಿಗಾಗಿ ಅಂಗಲಾಚುತ್ತಿದ್ದೆವು. ನೌಕಾದಳ ಮತ್ತೆ ಹಡಗುಗಳನ್ನು ಹೊರಡಿಸಿತು. ಮೇ 5ರಂದು 'ತಲವಾರ್' ಬಹ್ರೇನಿನಿಂದ 54 ಟನ್ ದ್ರವ ಆಮ್ಲಜನಕವನ್ನು ನವಮಂಗಳೂರು ಬಂದರಿಗೆ ತಂದಿತು. 'ಜಲಾಶ್ವ' ಪೂರ್ವಕ್ಕೆ ಹೋಯಿತು. ಸೈನಿಕರ ವಾಹನಗಳಿಗಾಗಿ ಬಿಟ್ಟಿದ್ದ ಜಾಗದಲ್ಲಿ ಬ್ರೂನೈ ಮತ್ತು ಸಿಂಗಪುರದಿಂದ 18 ಶೀತಲ ಆಮ್ಲಜನಕ ಟ್ಯಾಂಕುಗಳನ್ನೂ 3,000ಕ್ಕೂ ಹೆಚ್ಚು ಸಿಲಿಂಡರುಗಳನ್ನೂ ತುಂಬಿಸಿಕೊಂಡು ಮೇ 23ರಂದು ವಿಶಾಖಪಟ್ಟಣದಲ್ಲಿ ಲಂಗರು ಹಾಕಿತು. ಅವುಗಳನ್ನು ಇಳಿಸಿ ಬೇರೆ ಬೇರೆ ರಾಜ್ಯಗಳಿಗೆ ಹಂಚುವ ಕೆಲಸ ಅಲ್ಲಿಯೇ ಆರಂಭವಾಯಿತು.